ಹಳದಿ ಗೋಡೆ, ಬಿಳಿ ಟವೆಲ್

...ಅಲ್ಲ ಅಕ್ಕಾ, ಹಳದಿ ಅಂದ್ರೆ ನಿಂಗೇನು ಕಷ್ಟ? ನನ್ನ ರೂಮು, ನನ್ನ ಬಣ್ಣ, ನನ್ನ ಬ್ರಷ್ಷು! ಇಷ್ಟು ವರ್ಷ ಕಂಡವರ ಅಂಗಡಿಗೆಲ್ಲ ಬೋರ್ಡ್ ಬರೆದೆ, ಒಂದ್ಸಲ ನನ್ನ ಗೋಡೆಗೆ ನಾನೇ ಬಳ್ಕೊಂಡ್ರೆ ತಪ್ಪಾ? ಹೂಂ, ಪರದೆನೂ ಹಳದಿ. ಬಲ್ಬೂ ಹಳದಿ. ಮ್ಯಾಚಿಂಗು! ಯಾಕೆ ನಗ್ತೀಯ? ಗೊತ್ತು ಬಿಡು, ಕಾಮಾಲೆ ಕಣ್ಣಿನ ಗಾದೆ ನಾಲಿಗೆ ತುದಿಗೆ ಬಂದಿದೆ ನಿಂಗೆ. ಬೇಡ. ಅದನ್ನ ಮಾತ್ರ ಹೇಳ್ಬೇಡ.

ಸರಿ, ಕೂತೆ. ಸುತ್ತು ಬಟ್ಟೆ... ಅಯ್ಯೋ, ಬಿಳಿ ಟವೆಲ್ ಯಾಕೆ ತಂದೆ? ಯಾವಾಗ್ಲೂ ಆ ನೀಲಿದು ತರ್ತಿದ್ದೆಯಲ್ಲ! ಹರಿದು ಹೋಯ್ತಾ? ...ಏನಿಲ್ಲ, ಹೀಗೇ ಕೇಳಿದೆ. ಕೊಳೆ ಆಗುತ್ತೆ ಅಂತ.

ಹನ್ನೊಂದು ವರ್ಷ ಆಯ್ತಲ್ವಾ ನೀನು ನನ್ನ ಕೂದಲು ಕತ್ತರಿಸೋಕೆ ಶುರು ಮಾಡಿ? ಆಪರೇಷನ್ ಆದಾಗ ಡಾಕ್ಟರಮ್ಮ ಹೇಳಿದ್ದು ಕೆಲವು ತಿಂಗಳು ಸಲೂನ್ ಬೇಡ, ಸೋಂಕು ತಗುಲುತ್ತೆ ಅಂತ. ನೀನು ಅದನ್ನ ಜನ್ಮಕ್ಕೆಲ್ಲ ಹಿಡ್ಕೊಂಡೆ! ತಮ್ಮಂಗೆ ಅರ್ಧ ಲಿವರ್ ಕೊಯ್ದು ಕೊಟ್ಟಿದ್ದು ಸಾಲದು ಅಂತ ಕ್ಷೌರಾನೂ ಮಾಡ್ತಾಳೆ, ಇಂಥ ಅಕ್ಕ ಯಾರಿಗುಂಟು... ಆಹ್! ಕಿವಿ ಹಿಂಡ್ಬೇಡ್ವೇ. ತಮಾಷೆ ಮಾಡ್ದೆ.

ಮೂರು ತಿಂಗಳಿಂದ ಬರಬೇಡ ಬರಬೇಡ ಅಂದಿದ್ದು ನಿಜ. ಬಣ್ಣದ ವಾಸನೆ ನಿಂಗೆ ಆಗಲ್ಲ ಅಂತ. ಕೆಲಸಾನೂ ಮೈತುಂಬ. ಕನ್ನಡಿನಾ? ಗೋಡೆಗೆ ಬಣ್ಣ ಹೊಡೆಯೋವಾಗ ಇಳಿಸಿದ್ದು, ಮೊಳೆ ಸಿಕ್ಕಿಲ್ಲ ಇನ್ನೂ. ನೀನಿರೋವಾಗ ನಂಗ್ಯಾಕೆ ಕನ್ನಡಿ? ಟೋಪಿ... ತೆಗೀತೀನಿ, ತಾಳು. ಅವಸರ ಏನು? ತೆಗೆದೆ. ಮುಂದುಗಡೆಯಿಂದ ಶುರು ಮಾಡು. ಹಿಂದೆ ಆಮೇಲೆ.

ತುರಿಕೆನಾ? ಕೂದಲ ಚೂರು ಬಿದ್ದಿರುತ್ತೆ. ಇಲ್ಲ... ಮೊದಲಿಂದ್ಲೂ ಏನಿಲ್ಲ, ಈಗ ಮಾತ್ರ.

...ಯಾಕೆ, ಕತ್ತರಿ ನಿಲ್ತು?

ಓ. ಕಿವಿ ಹಿಂದಿನದಾ. ಸರಿ, ಸಿಕ್ಕಿಬಿದ್ದೆ! ಏಣಿ ಮೇಲಿಂದ ಬಿದ್ದ ಗಾಯ ಅನ್ನೋಣ ಅಂದ್ಕೊಂಡಿದ್ದೆ, ನಿನ್ನ ಮುಖ ನೋಡಿದ್ರೆ ಆಗಲ್ಲ. ಒಂದು ಹುಣ್ಣು ಎದ್ದಿತ್ತು ಅಕ್ಕಾ. ಸಣ್ಣದು. ಒಣಗ್ತಾನೇ ಇರ್ಲಿಲ್ಲ. ತೋರಿಸಿದೆ. ಕೊಯ್ದು ತೆಗೆದ್ರು. ಪರೀಕ್ಷೆಗೆ ಕಳಿಸಿದ್ರು... ಕ್ಯಾನ್ಸರ್ ಅಂದ್ರು. ಚರ್ಮದ್ದು! ಬರೀ ಚರ್ಮದ್ದು! ಕೂತ್ಕೋ, ಕೂತ್ಕೋ. ಬೇರು ಸಮೇತ ಹೋಗಿದೆ. ನೋಡು, ಹೇಳಿಬಿಟ್ಟೆ. ಮುಚ್ಚಿಟ್ಟಿದ್ದು ಇದೊಂದೇ. ಈಗ ಬೈಯಿ, ಬೈದು ಮುಗಿಸು.

ಯಾಕಂತೆ ಅಂದ್ರೆ... ಆ ಮಾತ್ರೆ. ಹನ್ನೊಂದು ವರ್ಷದಿಂದ ನುಂಗ್ತಿರೋದು. ಡಾಕ್ಟರಮ್ಮ ಚೆನ್ನಾಗಿ ಹೇಳಿದ್ರು. ನಿಮ್ಮಕ್ಕ ಕೊಟ್ಟ ತುಂಡು ನಿಮ್ಮ ಮೈಗೆ ನೆಂಟ್ರ ಥರ, ಮೈಗೊಂದು ಕಾವಲು ನಾಯಿ ಇರುತ್ತೆ, ಅದು ನೆಂಟ್ರನ್ನ ಕಚ್ಚಬಾರದು ಅಂತ ಮಾತ್ರೆ ಕೊಟ್ಟು ಕಟ್ಟಿಹಾಕಿದೀವಿ. ನಾಯಿ ಕಟ್ಟಿಹಾಕಿದ ಮನೆಗೆ ಯಾವಾಗಾದ್ರೂ ಕಳ್ಳ ನುಗ್ಗೋದೂ ಉಂಟು ಅಂತ. ಬಿಸಿಲಲ್ಲಿ ಏಣಿ ಹತ್ತಿ ಬೋರ್ಡ್ ಬರೆಯೋನಿಗೆ ಚರ್ಮದ ಕಳ್ಳ! ಅದಕ್ಕೇ ಟೋಪಿ ಹಾಕಿ, ತುಂಬು ತೋಳು ಹಾಕಿ, ತಪ್ಪದೆ ತೋರಿಸ್ತಿರಿ, ನಿಮ್ಮ ಹಾಗೇ ಇಪ್ಪತ್ತು ವರ್ಷ ದಾಟಿದವರಿದಾರೆ ಅಂದ್ರು. ಹೆದರಿಸ್ಲಿಲ್ಲ ಪಾಪ. ನಾನೇ...

ಮೇಷ್ಟ್ರು ನೆನಪಿದಾರಾ? ನನ್ನ ಪಕ್ಕದ ಮಂಚದವರು, ನಮ್ಮಿಬ್ಬರ ಲಿವರ್ ಆಪರೇಷನ್ನೂ ಒಂದೇ ವಾರ ಆಗಿದ್ದು. ನಿಂಗೂ ಪಾಠ ಮಾಡೋಕೆ ಬರ್ತಿದ್ರಲ್ಲ, ಹೊಟ್ಟೆ ಹೊಲಿಗೆ ಹಿಡ್ಕೊಂಡು ನಗ್ತಿದ್ದೆ ನೀನು. ಹೋದ್ರು. ಈ ಬೇಸಿಗೆ. ಕುತ್ತಿಗೇಲಿ ಗಂಟು ಬಂತು, ಅದೂ ಅದೇ ಕಾಯಿಲೆ, ಬೇರೆ ಜಾತಿ. ಮಣ್ಣಿಗೆ ಹೋದಾಗ ಅವರ ಮನೆಯವರು ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ? ಲಿವರ್ ಕೊನೇವರೆಗೂ ಚೆನ್ನಾಗಿತ್ತಂತೆ, ಲಿವರಿಗೇನೂ ಆಗಿರ್ಲಿಲ್ಲವಂತೆ ಅಂತ! ಅದನ್ನೇ ಹೇಳಿದ್ದು, ಮತ್ತೆ ಮತ್ತೆ. ಆ ಮಾತು ನನ್ನ ಹಿಂದೇನೇ ಮನೆಗೆ ಬಂತು ಅಕ್ಕಾ. ನಂಗೆ ಭಯ ಆಯ್ತು, ತುಂಬಾ ಭಯ ಆಯ್ತು. ನೀನು ಕೊಟ್ಟಿದ್ದು ಗಟ್ಟಿಯಾಗಿದ್ದು ನಾನೇ ಹೋದ್ರೆ ಏನು ಪ್ರಯೋಜನ...

ಹಾಗೆ ನೋಡ್ಬೇಡ.

ಕತ್ತರಿ ಆಡಿಸು. ಅರ್ಧ ತಲೆ ಆಗಿದೆ. ಮುಗಿಸು, ಟೀ ಮಾಡ್ತೀನಿ. ಮಾತಾಡೇ! ನೀನು ಸುಮ್ನಿದ್ರೆ ನಂಗಾಗಲ್ಲ. ಸಂಜೆ ಫೋನ್ ಮಾಡಿ "ನುಂಗಿದ್ಯಾ" ಅಂತ ಕೇಳ್ತೀಯಲ್ಲ ದಿನಾ, ನಾನು ನುಂಗಿದೆ ಅಂತೀನಲ್ಲ... ಅಂತೀನಲ್ಲ.

ಎಲ್ಲಿಗೆ ಹೋದೆ? ಪರದೆ ಮುಟ್ಬೇಡ. ಬಿಸಿಲು ಬರುತ್ತೆ, ಡಾಕ್ಟರಮ್ಮ ಬಿಸಿಲು ಬೇಡ ಅಂದಿದಾರೆ, ಈಗ ತಾನೇ ಹೇಳಿದೆ! ಅಕ್ಕಾ! ಎಳೀಬೇಡ... ಎಳೆದೇಬಿಟ್ಟೆ.

ಕಣ್ಣು ಕುಕ್ಕುತ್ತೆ. ಅದಕ್ಕೇ ಮುಚ್ಕೊಂಡೆ. ಬಿಡು ಗಲ್ಲ. ಬಿಡು ಅಂದ್ನಲ್ಲ! ಗೋಡೆ ಬಣ್ಣ ಕಣೇ ಅದು. ಹಳದಿ ಗೋಡೆ ಮುಂದೆ ನಿಂತ್ರೆ ಯಾರ ಮುಖ ಆದ್ರೂ ಹಂಗೇ ಕಾಣುತ್ತೆ, ನಿಂದೂ ಹಂಗೇ ಇದೆ...

ಟವೆಲ್ ಯಾಕೆ ಎತ್ತಿದೆ?

ಬೇಡ. ಕಣ್ಣ ಪಕ್ಕ ತರಬೇಡ. ಅಕ್ಕಾ, ಬೇಡ್ವೇ! ನಾನೇ ಹೇಳಿಕೊಟ್ಟಿದ್ದಲ್ವಾ ನಿಂಗೆ, ನಿನ್ನ ಮನೆ ಗೋಡೆಗೆ ಬಣ್ಣ ಆರಿಸೋವಾಗ... ಬಣ್ಣದ ನಿಜ ಗೊತ್ತಾಗ್ಬೇಕಂದ್ರೆ ಪಕ್ಕದಲ್ಲಿ ಬಿಳಿ ಇಟ್ಟು ನೋಡು, ಬಿಳಿ ಮುಂದೆ ಯಾವ ಬಣ್ಣಾನೂ ಸುಳ್ಳು ಹೇಳಲ್ಲ ಅಂತ. ನಂಗೇ ತಿರುಗಿಸ್ತೀಯಾ ಅದನ್ನ?

...

ನೋಡಿದೆಯಲ್ಲ, ಇಳಿಸು ಟವೆಲ್ನ.

ಬೆಳಗ್ಗಿಂದು ತಗೊಳ್ತೀನಿ. ನಿನ್ನಾಣೆ, ಬೆಳಗ್ಗಿಂದು ಒಂದು ದಿನಾನೂ ಬಿಟ್ಟಿಲ್ಲ! ಸಂಜೇದು ಮಾತ್ರ... ಮೇಷ್ಟ್ರು ಹೋದಾಗಿಂದ. ರಾತ್ರಿ ಒಂದು ಹೊತ್ತು ನಾಯಿ ಬಿಚ್ಚಿಬಿಟ್ರೆ ಕಳ್ಳನ್ನ ಓಡಿಸುತ್ತೆ, ಬೆಳಗ್ಗೆ ಮತ್ತೆ ಕಟ್ಟಿಹಾಕಿದ್ರಾಯ್ತು ಅಂದ್ಕೊಂಡೆ. ಡಾಕ್ಟರಮ್ಮನ್ನ ಕೇಳ್ಲಿಲ್ಲ. ಕೇಳಿದ್ರೆ ಬೇಡ ಅಂತಿದ್ರು. ಎರಡೂ ಉಳಿಸ್ಕೊಬೇಕು ಅಂತ ಕಣೇ, ನಿಂದೂ, ನನ್ನನ್ನೂ... ಆಮೇಲೆ ತುರಿಕೆ ಶುರುವಾಯ್ತು. ಆಮೇಲೆ ಒಂದು ದಿನ ಕನ್ನಡೀಲಿ... ಕನ್ನಡಿ ಇಳಿಸಿದೆ. ಗೋಡೆಗೆ ಬಣ್ಣ ಹೊಡೆದೆ.

ಯಾಕೆ ಹೊಟ್ಟೆ ಹಿಡ್ಕೊಂಡೆ? ಆ ಹೊಲಿಗೆ ಜಾಗ... ನೋವಾ? ಇಷ್ಟು ವರ್ಷದ ಮೇಲೆ?

ನೆಂಟ್ರನ್ನ ಕಚ್ಚಿಬಿಡ್ತಾ ಅಕ್ಕಾ ನಾಯಿ?

ಸರಿ. ಬರ್ತೀನಿ. ಕೈ ಬಿಡು, ನಾನೇ ಬರ್ತೀನಿ, ಆಸ್ಪತ್ರೆಗೆ ತಾನೇ... ಹೀಗೇನಾ? ಅರ್ಧ ತಲೇಲಿ? ಟೋಪಿನಾದ್ರೂ ಕೊಡು. ಚಪ್ಪಲಿ... ನಿಲ್ಲು, ಒಂದು ನಿಮಿಷ ನಿಲ್ಲು. ನಾನು ನನ್ನ ಕಣ್ಣು ನೋಡ್ಕೊಂಡು ಎಷ್ಟೋ ದಿನ ಆಯ್ತು. ನೀನು ಈಗ ನೋಡಿದೆಯಲ್ಲ, ಬಿಳಿ ಪಕ್ಕ ಇಟ್ಟು. ಬೈಬೇಡ, ಅಳಬೇಡ, ಇದೊಂದು ಹೇಳಿಬಿಡು.

ಎಷ್ಟು ಹಳದಿ ಇದೆ, ಅಕ್ಕಾ?