ಮೇಲಳ್ಳದ ಎಲ್ಸಜ್ಜಿ

...ಪಟ್ಣ ಅಲ್ಲ ಕಣೇ ಅದು, ಹಳ್ಳಿ. ಜರ್ಮನಿ ಅಂದ್ ತಕ್ಷಣ ನೀವು ದೊಡ್ಡ ದೊಡ್ಡ ಬಿಲ್ಡಿಂಗು, ಮಿಂಚೋ ಕಾರು ಅಂದ್ಕೋತೀರ. ನಾನಿದ್ದದ್ದು ನಲ್ವತ್ತೇ ನಲ್ವತ್ ಮನೆ ಇದ್ದ ಊರು. ಅದ್ರ ಹೆಸ್ರು ನನ್ ನಾಲ್ಗೇಲಿ ಹೊರಳ್ತಾನೇ ಇರ್ಲಿಲ್ಲ. ಮೇಲಿನ ಹಳ್ಳ ಅಂತ ಅರ್ಥವಂತೆ, ಅದ್ಕೇ ನಾನು ಮೇಲಳ್ಳ, ಮೇಲಳ್ಳ ಅಂತ್ಲೇ ಕರೀತಿದ್ದೆ. ಎಮರ್ಜೆನ್ಸಿ ಟೈಮು... ಇಲ್ಲ ಇಲ್ಲ, ಎಮರ್ಜೆನ್ಸಿ ಮುಗ್ದಿತ್ತು. ತುಮ್ಕೂರಲ್ಲಿ ನಾನು ಫಿಟ್ಟರ್ ಆಗಿದ್ನಲ್ಲ, ಆ ಫ್ಯಾಕ್ಟ್ರಿಗೆ ಜರ್ಮನಿಯಿಂದ ಹೊಸ ಮೆಷಿನ್ ಬರೋದಿತ್ತು. ಅದು ಕೆಟ್ರೆ ಬಿಚ್ಚಿ ಕಟ್ಟೋದು ಕಲ್ತ್ಕೊಂಡು ಬಾ ಅಂತ ಬೆಂಗ್ಳೂರಲ್ಲಿ ಮೂರ್ ತಿಂಗ್ಳು ಭಾಷೆ ಕಲ್ಸಿ, ಎಂಟ್ ತಿಂಗ್ಳಿಗೆ ಅಂತ ಕಳ್ಸಿದ್ರು. ಗುಬ್ಬಿ ಸಂತೆ ಬಿಟ್ರೆ ತುಮ್ಕೂರು, ತುಮ್ಕೂರು ಬಿಟ್ರೆ ಬೆಂಗ್ಳೂರು, ಅಷ್ಟೇ ಕಂಡಿದ್ದೋನು ನಾನು. ನಿಮ್ಮಜ್ಜಿಗೆ ಆಗ ಐದ್ ತಿಂಗ್ಳು, ಮೊದ್ಲನೇ ಬಸುರಿ. ಹೋಗ್ಬೇಕೋ ಬೇಡ್ವೋ ಅಂತ ನಾನು ಒದ್ದಾಡ್ತಿದ್ರೆ ಅವ್ಳೇ, 'ಹೋಗ್ಬನ್ನಿ, ಫೋರ್‌ಮನ್ ಆಗಿ ಬನ್ನಿ' ಅಂದ್ಲು.

ಅಲ್ಲೋದ್ರೆ ಏನು ಗೊತ್ತಾ, ಫ್ಯಾಕ್ಟ್ರಿ ಹಾಸ್ಟೆಲ್ ಫುಲ್ಲು. ಪಕ್ಕದ್ ಹಳ್ಳೀಲಿ ರೂಮ್ ಹುಡುಕ್ಕೋ ಅಂದ್ರು. ಮೂರು ಮನೆ ಬಾಗ್ಲು ತಟ್ದೆ. ಒಬ್ಬ ಕಿಟಕಿಯಿಂದ್ಲೇ ನೋಡಿ ಪರದೆ ಎಳ್ಕೊಂಡ. ಇನ್ನೊಬ್ಳು ಇಲ್ಲ ಇಲ್ಲ ಅಂತ ಕೈ ಆಡ್ಸಿದ್ಲು. ಮೂರನೇ ಮನೆಯೋನಂತೂ, ಬುಡು, ಅದ್ಯಾಕೆ ಈಗ. ಚಳಿ ಅಂದ್ರೆ ಚಳಿ, ಕಿವಿ ಇದೆಯೋ ಉದುರೋಯ್ತೋ ಅಂತ ಮುಟ್ಟಿ ನೋಡ್ಕೋಬೇಕು, ಅಂಥ ಚಳಿ. ಆಗ ಬೀದಿ ಕೊನೇಲಿ ಹಿಮ ಗುಡಿಸ್ತಿದ್ದ ಒಬ್ಳು ಮುದುಕಿ ನನ್ ಪೆಟ್ಗೆ ನೋಡಿದ್ಲು, ನನ್ ಮುಖ ನೋಡಿದ್ಲು, 'ಬಾ ಒಳಗೆ' ಅಂದ್ಲು. ಅಷ್ಟೇ. ಯಾರು, ಎಲ್ಲಿಂದ, ಏನೂ ಕೇಳ್ಲಿಲ್ಲ. ಅವ್ಳೇ ಎಲ್ಸಜ್ಜಿ. ಗಂಡ ತೀರ್ಕೊಂಡು ಒಬ್ಳೇ ಇದ್ಲು. ನಾನು ಮಾಂಸ ತಿನ್ನಲ್ಲ ಅಂತ ಗೊತ್ತಾದ್ಮೇಲೆ ಆಲೂಗಡ್ಡೆ ಒಂದ್ ದಿನ ಬೇಯ್ಸೋಳು, ಒಂದ್ ದಿನ ಹುರಿಯೋಳು, ಇನ್ನೊಂದ್ ದಿನ ಅರ್ದು ರೊಟ್ಟಿ ಥರ ತಟ್ಟೋಳು. ನಂಜುಂಡಪ್ಪ ಅನ್ನಕ್ಕೆ ಬಾಯಿ ತಿರುಗ್ದೆ 'ನಾಂಜು, ನಾಂಜು' ಅನ್ನೋಳು.

ಭಾನುವಾರ ಆದ್ರೆ ನನ್ನ ಊರೆಲ್ಲ ಸುತ್ಸೋಳು, ಮಾತು ಕಲ್ಸಕ್ಕೆ. ಎರಡು ಗುಡ್ಡ, ನಡುವೆ ಹಳ್ಳ, ಹಳ್ಳದ ಪಕ್ಕಕ್ಕೇ ಒಂದು ಬೀದಿ. ದನದ ಕೊಟ್ಗೆ ಮನೆಗೇ ಅಂಟ್ಕೊಂಡಿರೋದು, ಒಂದೇ ಸೂರು. ಅದು ನೋಡಿ ನಂಗೆ ನಮ್ಮಟ್ಟಿ ಜ್ಞಾಪಕ ಬಂತು. ನಮ್ ಕಡೆ ರಾಗಿ ಇದ್ದಂಗೆ ಅಲ್ಲೊಂದು ಧಾನ್ಯ, ರೈ ಅಂತ, ಅದ್ರದ್ದೇ ಕಪ್ಪು ಬ್ರೆಡ್ಡು, ಕಲ್ಲಿದ್ದಂಗೆ. ಚರ್ಚ್ ಗೋಡೇಲಿ ಹಳ್ಳದ್ ನೀರು ಉಕ್ಕಿ ಬಂದಾಗ ಎಲ್ಲೀವರ್ಗೂ ನಿಂತಿತ್ತು ಅಂತ ಗೆರೆ ಕೊರ್ದಿದ್ರು, ನನ್ ಎದೆ ಮಟ್ಟ. ಚರ್ಚಿನ ದೊಡ್ ಗಂಟೇನ ಯುದ್ಧದಲ್ಲಿ ಗುಂಡು ಮಾಡಕ್ಕೆ ಅಂತ ಇಳಿಸ್ಕೊಂಡೋಗಿ ಕರಗಿಸ್ಬಿಟ್ರಂತೆ. ಮುಂದುಗಡೆ ಒಂದು ಕಲ್ಲು, ಅದ್ರ ತುಂಬ ಯುದ್ಧದಲ್ಲಿ ಸತ್ತೋರ ಹೆಸ್ರು. ಆ ಪಾಟಿ ಹೆಸ್ರು! ಒಂದೇ ಮನೆ ಹೆಸ್ರು ಮೂರ್ ಮೂರ್ ಸತಿ. ಇಷ್ಟು ಚಿಕ್ಕೂರಲ್ಲಿ ಗಂಡಸ್ರೇ ಉಳ್ದಿರಲ್ವೇನೋ ಅಂದ್ಕೊಂಡೆ.

ಹಿಂಗೇ ನಡೀತಿತ್ತಾ. ಒಂದಿನ ಮಧ್ಯಾಹ್ನ ಟೆಲಿಗ್ರಾಂ ಬಂತು. ನನ್ ಭಾಮೈದ ಕೊಟ್ಟಿದ್ದು. ಹೆಂಡ್ತಿಗೆ ಸೀರಿಯಸ್, ಕೂಡ್ಲೇ ಹೊರಡು. ಅಷ್ಟೇ. ಹೆರಿಗೆಗಿನ್ನೂ ಟೈಮಿತ್ತು, ಏನಾಯ್ತು ಅಂತ ಹೆಂಗ್ ತಿಳ್ಕೊಳ್ಳೋದು? ಕಾಗ್ದ ಹೋಗಿ ಬರಕ್ಕೆ ತಿಂಗ್ಳು. ಊರಿಗೆಲ್ಲ ಒಂದೇ ಫೋನು, ಪೋಸ್ಟಾಫೀಸು ಅಂತ ಮಾಡ್ಕೊಂಡಿದ್ದ ದಿನಸಿ ಅಂಗ್ಡೀಲಿ. ನಮ್ ಕಡೆ ಗುಬ್ಬೀಲಿ ಕೊಬ್ರಿ ಮಂಡಿಯೋರ ಹತ್ರ ಫೋನಿತ್ತು, ಆ ನಂಬರ್ಗೆ ಟ್ರಂಕ್ ಕಾಲ್ ಬುಕ್ ಮಾಡ್ಸಿದ್ಲು ಎಲ್ಸಜ್ಜಿ. ಜರ್ಮನಿಯಿಂದ ಬಾಂಬೆ, ಬಾಂಬೆಯಿಂದ ಬೆಂಗ್ಳೂರು, ಅಲ್ಲಿಂದ ಗುಬ್ಬಿ. ಲೈನ್ ಸಿಗ್ಬೇಕಲ್ಲ! ಅವತ್ತೆಲ್ಲ ಸಿಗ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಅಂಗ್ಡಿ ತೆಗೆಯೋ ಹೊತ್ಗೆ ಮತ್ತೆ ಹೋಗಿ ಕೂತ್ವಿ. ಅವ್ಳು ನನ್ ಪಕ್ಕ ಬೆಂಚ್ ಮೇಲೆ, ಕೈಯಲ್ಲಿ ಹೆಣಿಯೋ ಉಲ್ಲನ್ನು. ಧೈರ್ಯ ಹೇಳ್ಲಿಲ್ಲ, ಏನೂ ಆಗಲ್ಲ ಅನ್ಲಿಲ್ಲ. ಸುಮ್ನೆ ಕೂತಿದ್ಲು.

ಹನ್ನೊಂದ್ ಗಂಟೆಗೆ ಫೋನ್ ಹೊಡ್ಕೊಳ್ತು. ಬರೀ ಗೊರಗೊರ. ಅದ್ರೊಳಗೆ, ನನ್ ಫೋನ್ ಬರುತ್ತೆ ಅಂತ ಮಂಡೀಲೇ ಕಾಯ್ತಾ ಕೂತಿದ್ದ ನಮ್ಮಪ್ಪನ ದನಿ, ಬಾವಿಯೊಳಗಿಂದ ಕೂಗ್ದಂಗೆ. 'ಲೋ ನಂಜಾ! ಕೇಳ್ತದೇನ್ಲಾ?' 'ಹೇಳಪ್ಪೋ, ಕೇಳ್ತದೆ!' 'ಅವ್ಳು ಉಳ್ಕೊಂಡ್ಲು ಕಣೋ. ತುಮ್ಕೂರು ದೊಡ್ಡಾಸ್ಪತ್ರೇಲಿ ಆಪರೇಷನ್ ಆಯ್ತು. ಕೂಸು ಹೋಯ್ತು ಮಗಾ. ಹೆಣ್ಕೂಸು. ತೋಟದ ಬದೀಲಿ ಮಣ್ ಮಾಡ್ದೆ.' ಆಮೇಲೆ ಅಪ್ಪ, 'ನೀನ್ ಬಂದು ಏನ್ ಮಾಡ್ತೀಯಾ, ಕೆಲ್ಸ ಮುಗಿಸ್ಕೊಂಡೇ ಬಾ' ಅಂದ್ರು. ಲೈನ್ ಕಟ್ಟಾಯ್ತು.

ಅಪ್ಪ ಹೇಳಿದ್ದು ಸರಿ ಅನ್ನುಸ್ತು ನಂಗೆ, ಸುಳ್ ಯಾಕೇಳ್ಲಿ. ಅಲ್ಲಿನ್ ಸೂಪರ್‌ವೈಸರ್ರೂ ಹೇಳ್ದ, 'ಈಗ ಹೋದ್ರೆ ಮತ್ತೆ ಕರ್ಸಲ್ಲ, ನಿನ್ ಬದ್ಲು ಇನ್ನೊಬ್ಬ ಬರ್ತಾನೆ' ಅಂತ. ಉಳ್ಕೊಳ್ತೀನಿ ಅಂತ ಎಲ್ಸಜ್ಜಿಗೆ ಹೇಳ್ದೆ. ಅವ್ಳು ಕೋಟ್ ಹಾಕ್ಕೊಂಡು, 'ನಡಿ ನನ್ ಜೊತೆ' ಅಂತ ಚರ್ಚ್ ಹಿಂದೆ ಕರ್ಕೊಂಡೋದ್ಲು. ಒಂದ್ ಮೂಲೇಲಿ ಹಿಮ ಸರಿಸಿದ್ಲು. ಗೇಣುದ್ದದ ಕಲ್ಲು. ನಿಧಾನಕ್ಕೆ, ನಂಗರ್ಥ ಆಗೋ ಹಂಗೆ ಬಿಡಿಸಿ ಬಿಡಿಸಿ ಹೇಳಿದ್ಲು. 'ನಾನು ಈ ಊರೋಳಲ್ಲ ನಾಂಜು. ನಮ್ಮೂರು ಪೂರ್ವಕ್ಕೆ ತುಂಬ ದೂರ. ಯುದ್ಧ ಮುಗ್ದಾಗ ಆ ಜಾಗ ಬೇರೆ ದೇಶಕ್ಕೆ ಸೇರಿ, ಅಲ್ಲಿಂದ ನಮ್ಮನ್ನ ಓಡ್ಸಿದ್ರು. ಕೈಗಾಡೀಲಿ ಮಗು ಮಲಗಿಸ್ಕೊಂಡು ತಳ್ಕೊಂಡ್ ಬಂದೆ. ಇಲ್ಲೂ ಯಾರ್ಗೂ ನಾವು ಬೇಕಿರ್ಲಿಲ್ಲ, ಕೊಟ್ಗೇಲಿ ಜಾಗ ಕೊಟ್ರು. ಆ ಚಳೀಲೇ ಮಗು ಹೋಯ್ತು. ನನ್ ಗಂಡ ಸೈನಿಕ, ಸೆರೆ ಸಿಕ್ಕಿದ್ದ. ಬಿಡುಗಡೆ ಆಗಿ ಬಂದಾಗ ಮೂರು ವರ್ಷ ಆಗೋಗಿತ್ತು. ನಾನು ಒಬ್ಳೇ ಅತ್ತು ಮುಗ್ಸಿದ್ದೆ. ಅವ್ನು ಸಾಯೋವರ್ಗೂ ನಾವಿಬ್ರೂ ಮಗು ವಿಷ್ಯ ಮಾತಾಡ್ಲೇ ಇಲ್ಲ. ಮಾತಾಡಕ್ಕೆ ಬರ್ಲಿಲ್ಲ.' ಆಮೇಲೆ ನನ್ ಕೋಟಿನ ಗುಂಡಿ ಹಾಕಿ, 'ಅವ್ನಿಗೆ ಬರಕ್ಕಾಗ್ತಿರ್ಲಿಲ್ಲ, ನಿಂಗಾಗುತ್ತೆ. ಹೋಗು' ಅಂದ್ಲು.

ಹೊರಟ್ಬಿಟ್ಟೆ ಕಣ್ರೋ. ಟಿಕೆಟ್ ಹೊಂದ್ಸಕ್ಕೆ ಎರಡ್ ದಿನ, ಬಾಂಬೆಯಿಂದ ರೈಲು, ಬೆಂಗ್ಳೂರಿಂದ ಬಸ್ಸು. ಆಸ್ಪತ್ರೆಗೋದ್ರೆ ನಿಮ್ಮಜ್ಜಿ ನನ್ನ ನೋಡಿ ಗೋಡೆ ಕಡೆ ತಿರುಗ್ಬಿಟ್ಲು. ನಾನು ಕಬ್ಬಿಣದ್ ಸ್ಟೂಲ್ ಎಳ್ಕೊಂಡು ಕೂತೆ. ನಮ್ಮತ್ತೆ ಬಂದು 'ಏನಾರ ಹೇಳಿ ಅಳಿಯಂದ್ರೇ' ಅಂತ ಗೋಳಾಡೋರು. ಏನಂತ ಹೇಳ್ಲಿ? ಬೆಳಿಗ್ಗೆ ಬಂದು ಕೂತ್ಕೋತಿದ್ದೆ, ರಾತ್ರಿ ನರ್ಸಮ್ಮ ಎಬ್ಬಿಸಿ ಕಳ್ಸೋವರ್ಗೂ. ಮೂರನೇ ದಿನ ಗೋಡೆ ಕಡೆ ತಿರುಗ್ಕೊಂಡೇ ಕೇಳಿದ್ಲು, 'ಊಟ ಆಯ್ತಾ ನಿಮ್ದು?' ಅಂತ. ಇಲ್ಲ ಅಂದೆ. ಆಗ ಈ ಕಡೆ ತಿರುಗಿ, ನನ್ ಕೈ ಹಿಡ್ಕೊಂಡು ಅತ್ಲು ನೋಡು, ವಾರ್ಡಿಗೆ ವಾರ್ಡೇ ತಿರುಗಿ ನೋಡ್ತು. ನಾನೂ ಅತ್ತೆ.

ನನ್ ಬದ್ಲು ಹೋಗ್ಬಂದೋನು ಫೋರ್‌ಮನ್ ಆದ. ನಾನು ಫಿಟ್ಟರ್ ಆಗೇ ರಿಟೈರ್ ಆದೆ. ಬೇಜಾರಾಗ್ಲಿಲ್ವಾ ಅಂದ್ರೆ, ಆಯ್ತು, ಯಾಕಾಗಲ್ಲ. ಆದ್ರೆ ಇಷ್ಟ್ ವರ್ಷ ಆದ್ರೂ ನಾನೂ ನಿಮ್ಮಜ್ಜೀನೂ ಆ ಕೂಸಿನ್ ವಿಷ್ಯ ಮಾತಾಡ್ತೀವಿ, ಇದ್ದಿದ್ರೆ ಯಾರ್ ಥರ ಇರೋಳು ಅಂತ. ಅದ್ಕೇ ಹೇಳೋದು, ಯಾರ ಮನೇಲಾದ್ರೂ ಸಾವು ನೋವು ಅಂತ ಗೊತ್ತಾದ್ರೆ, ಏನ್ ಮಾತಾಡ್ಲಿ, ಹೆಂಗ್ ಮಾತಾಡ್ಲಿ ಅಂತ ಯೋಚ್ನೆ ಮಾಡ್ತಾ ಕೂತಿರ್ಬೇಡಿ. ಹೋಗಿ ಪಕ್ಕದಲ್ ಕೂತ್ಕೊಳಿ, ಸಾಕು.