ಆರ್ಲೋನ ಕಿತ್ತಳೆ ಸೋಡಾ

...ಬಿಡ್ತೀನಿ, ನಿನ್ನ ಬ್ಯಾಗ್ ಬಿಡ್ತೀನಿ, ಲಾಕರ್ ರೂಮಿಂದ ಹೋಗೋವಂತೆ! ಮೊದಲು ಈ ಒಗಟು ಒಡಿ, ಆರ್ಲೋ. ಕಾಲಿಲ್ಲ, ಊರೆಲ್ಲ ಸುತ್ತುತ್ತೆ. ಬಾಯಿಲ್ಲ, ಹುಕುಂ ಚಲಾಯಿಸುತ್ತೆ. ಅದರ ಕೂಗು ಒಂದು ಮನೆಗೆ ಕೇಳಿಸುತ್ತೆ, ಪಕ್ಕದ ಮನೆಗೆ ಕೇಳ್ಸೋದೇ ಇಲ್ಲ. ಏನು? ...ಹೇಳೋ! ...ಸೋತ್ಯಾ? ಹಾರ್ಮೋನ್ ಕಣೋ! ಮಿಸೆಸ್ ಹಾಗೆನ್ ಅವರ ಜೀವಶಾಸ್ತ್ರದ ಪಾಠದಲ್ಲಿ ಗೊರಕೆ ಹೊಡೆಯೋ ನನಗೇ ಗೊತ್ತು, ದಿನಾ ಇನ್ಸುಲಿನ್ ಚುಚ್ಕೊಳ್ಳೋ ನಿನಗೆ ಗೊತ್ತಿಲ್ವಾ?

ಯಾಕೋ ಹಾಗೆ ದುರುಗುಟ್ಕೊಂಡು ನೋಡ್ತೀಯ? ಗೆದ್ದೆ ಅಂತ ಕೊಬ್ಬಾ? ಕುಸ್ತಿ ತಂಡದಲ್ಲಿ ಒಂದು ತೂಕಕ್ಕೆ ಒಬ್ಬನೇ ಅನ್ನೋ ಕಾನೂನು ಅದ್ಯಾವ ಪುಣ್ಯಾತ್ಮ ಮಾಡಿದ್ನೋ! ಒಂದೇ ತಂಡದವರು ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡ್ಬೇಕು. ಗೆದ್ದವನು ಶನಿವಾರದ ಪಂದ್ಯಕ್ಕೆ ಮ್ಯಾಟ್ ಮೇಲೆ, ಸೋತವನು ಟವೆಲ್ ಹೊರೋಕೆ. ಎರಡು ವರ್ಷದಿಂದ ಹೊರ್ತಿದ್ದೀನಿ, ಗೊತ್ತಾ? ಕುಸ್ತಿ ಅಂದ್ರೆ ಪ್ರಾಣ ಬಿಡೋ ಈ ಅಯೋವಾದಲ್ಲಿ ಹುಟ್ಟಿ ಕುಸ್ತೀಲಿ ಸೋತವನು ಊಟದ ಮೇಜಲ್ಲಿ ಅಪ್ಪನ ಮುಖ ನೋಡೋ ಹಾಗಿಲ್ಲ!

ಇವತ್ತೂ ನೀನೇ ಗೆದ್ದೆ. ಆದ್ರೆ ಕೊನೇಗೆ ನಿನ್ನ ಕೈ ನಡುಗ್ತಿತ್ತು... ಹ್ಞಾಂ, ಈಗ್ಲೂ ನಡುಗ್ತಿದೆ. ಬೆವರು ನೋಡು, ಬೆವರು! ಆಹಾ, ಏನು ನಟನೆ! ಈಗ್ತಾನೇ ಪೂರ್ತಿ ಬಾಟಲಿ ಕಿತ್ತಳೆ ಸೋಡಾ ಹೀರಿದ್ಯಲ್ಲೋ, ಇನ್ನೇನು ಬೇಕು?

ಅದು ಅಡ್ರಿನಲಿನ್ ಕಣಪ್ಪ. ಮೂತ್ರಪಿಂಡದ ತಲೆ ಮೇಲೆ ಟೋಪಿ ಥರ ಕೂತಿರೋ ಗ್ರಂಥಿಯಿಂದ ಬರುತ್ತೆ. ರಕ್ತದಲ್ಲಿ ಸಕ್ಕರೆ ಇಳೀತು ಅಂದ್ರೆ ಬೊಬ್ಬೆ ಹೊಡೆಯುತ್ತೆ: ಎದೇ, ಬಡ್ಕೋ! ಮೈಯೇ, ಬೆವರು! ಕೈಯೇ, ನಡುಗು! ...ಆದ್ರೆ ನಿನಗ್ಯಾಕೆ ಇಳೀಬೇಕು? ಸೋಡಾ ಕುಡಿದ್ಯಲ್ಲ?

ಯಾಕೋ ನಗ್ತೀಯ? ...ನಗ್ತಿಲ್ವಾ? ಮತ್ತೆ ತುಟಿ ಯಾಕೆ ಹಾಗೆ ಸೊಟ್ಟಗಾಗ್ತಿದೆ? ಏನು... ರುಚಿ ಬೇರೆ ಇತ್ತಾ? ಹಳೇದಿರುತ್ತೆ ಬಿಡು! ನನ್ನ ಯಾಕೋ ನೋಡ್ತೀಯ? ನಿನ್ನ ಲಾಕರ್‌ಗೂ ನನಗೂ ಏನು ಸಂಬಂಧ?

...ಆ ಬಾಟಲಿ ಯಾಕೋ ನನ್ನ ಕಡೆ ಚಾಚ್ತೀಯ? ಹೂಂ, ಉರಿಸು, ತೋರಿಸಿ ತೋರಿಸಿ ಉರಿಸು.

...ಸರಿ, ನಾನೇ! ನಿನ್ನ ಸೋಡಾ ಚೆಲ್ಲಿ, ಅದೇ ಬಣ್ಣದ ಸಕ್ಕರೆ ಇಲ್ಲದ ಸೋಡಾ ತುಂಬ್ಸಿಟ್ಟೆ. ಈಗ ಸಮಾಧಾನನಾ? ಸಕ್ಕರೆ ಕಾಯಿಲೆಯವನು ಕದ್ದು ಸಕ್ಕರೆ ಕುಡೀತಾನೆ, ಅದೇ ಇವನು ಗೆಲ್ಲೋ ಗುಟ್ಟು ಅಂದ್ಕೊಂಡೆ. ಸಕ್ಕರೆ ಇಲ್ಲದ್ದು ಕುಡಿದ್ರೆ ನಿನಗೆ ಒಳ್ಳೇದೇ ಅಲ್ವೇನೋ?

ತಡಿ... ತಡಿ. ನೀನು ಇನ್ಸುಲಿನ್ ಚುಚ್ಕೊಂಡಿದ್ದೀಯ. ಅದು ಮೈಯೊಳಗೆ ಜೀವಕೋಶಗಳ ಮನೆಮನೆ ಬಾಗಿಲು ತೆಗೆಸಿ ರಕ್ತದ ಸಕ್ಕರೇನೆಲ್ಲ ಒಳಗೆ ತಳ್ಳುತ್ತೆ. ಮೇಲೆ ಕುಸ್ತಿ ಬೇರೆ ಆಡಿ ಉಳಿದಿದ್ದನ್ನೂ ಸುಟ್ಟೆ. ಹಾಗೆ ಇಳಿದ ಸಕ್ಕರೆ ಏರಿಸೋಕೇ ನೀನು ಆ ಸೋಡಾ ಇಟ್ಕೊಂಡಿದ್ದು! ಇನ್ಸುಲಿನ್ ತಯಾರಿಸೋ ನನ್ನ ಮೇದೋಜೀರಕ ಆಗಿದ್ರೆ, ಸಾಕಪ್ಪ ಅಂತ ನಿಲ್ಲಿಸ್ತಿತ್ತು. ನಿಂದು ಸೂಜೀಲಿ ಹೋಗಿದ್ದು, ಅದನ್ನ ವಾಪಸ್ ಕರೆಯೋರು ಯಾರು? ಮತ್ತೆ ಮಿದುಳಿಗೆ... ಮಿದುಳಿಗೆ ಏನು ಉಳೀತೋ?

ಆರ್ಲೋ! ಬೆಂಚಿಂದ ಜಾರ್ಬೇಡ ಮಾರಾಯ! ಕಣ್ಣು ತೆಗಿ! ಏನೂ ಆಗಲ್ಲ. ಕೋಚ್‌ಗೆ ಆಗ್ಲೇ ಮೆಸೇಜ್ ಹಾಕ್ದೆ. ಆಂಬುಲೆನ್ಸ್ ಹೊರಟಿದೆ, ಗೇಟ್ ಹತ್ರ ಬಂತು. ಗ್ಲುಕಗಾನ್ ಅಂತ ಇನ್ನೊಂದು ಹಾರ್ಮೋನ್ ಚುಚ್ತಾರೆ. ನಿನ್ನ ಪಿತ್ತಜನಕಾಂಗ ಕೂಡಿಟ್ಟ ಸಕ್ಕರೇನೆಲ್ಲ ಕಕ್ಕುತ್ತೆ. ನೀನು ಎದ್ದು ಕೂತು ನನ್ನ ಕೆನ್ನೆಗೆ ಬಾರಿಸ್ತೀಯ. ಅಲ್ಲಿಗೆ ಕತೆ ಮುಗೀತು! ಬಾರಿಸೋ... ಬಯ್ಯಾದ್ರೂ ಬಯ್ಯೋ... ಆರ್ಲೋ?

...ಯಾವ ಆಂಬುಲೆನ್ಸೂ ಇಲ್ಲ ಕಣೋ. ಬಾಟಲಿ ವಿಷ್ಯ ಹೊರಗೆ ಬರುತ್ತೆ ಅಂತ ಕೋಚ್‌ಗೆ ಹೇಳೇ ಇಲ್ಲ. ಆ ಕತೇನೆಲ್ಲ ನಾನೇ ಕಟ್ಟಿದ್ದು... ಕೋಚ್! ಕೋಚ್!