ಗಂಡ ರಿಪೇರಿ ಮಾಡಿದ ಮ್ಯಾಲ

ಧಾರವಾಡದ ಒಂದು ಮಿಕ್ಸರ್ ರಿಪೇರಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಬ್ಬ ಗಂಡ, ಒಬ್ಬಳು ಹೆಂಡತಿ. ಮಿಕ್ಸರ್ ಅವಳ ತೊಡೆಯ ಮೇಲಿತ್ತು. ಅವನ ಕಿಸೆಯಿಂದ ಸ್ಕ್ರೂಡ್ರೈವರ್ ಇಣುಕುತ್ತಿತ್ತು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯ ನಾನಲ್ಲ.

“ಬ್ಲಾಗ್ ಬರದು ರೊಕ್ಕಾ ಗಳಸ್ತೇನಿ ಅಂತಿ. ಅಡಗಿ ಬರಿ, ಛಲೋ ನಡೀತೈತಿ.”

“ಅಡಗಿ ಎಲ್ಲಾರೂ ಬರೀತಾರ್ರಿ. ಯಾರೂ ಬರೀಲಾರದ್ದು ಇರಬೇಕು, ಆದ್ರ ಮನಿಮನಿಗೂ ಬೇಕಾಗಿರಬೇಕು.”

“ಅಂಥಾ ವಿಷಯ ಸಿಕ್ತೇನ?”

“ಸಿಕ್ಕೈತ್ರಿ. ‘ಗಂಡ ರಿಪೇರಿ ಮಾಡಿದ ಮ್ಯಾಲ ಏನ್ ಮಾಡಬೇಕು?’”

ಅವನು ಸ್ಕ್ರೂಡ್ರೈವರನ್ನು ಕಿಸೆಯೊಳಗೆ ತುರುಕಿದ.

“ಇದನ್ನ ಯಾರ್ ಓದ್ತಾರ?”

“ಆಗ್ಲೇ ಓದಾಕತ್ತಾರ್ರಿ. ನೀವು ರಿಪೇರಿ ಮಾಡಿದ ನಮ್ಮ ಫ್ಯಾನಿನ ಕಥಿ ಓದಿ ಲಕಮನಹಳ್ಳಿ ಹೆಣ್ಮಕ್ಕಳು ಫೋನ್ ಮಾಡಿದ್ರು. ಈ ಅಂಗಡಿ ಮಿಸ್ತ್ರಿನೂ ಜಾಹೀರಾತು ಕೊಟ್ಟಾನ.”

“ನನ್ನ ಹೆಸರು ಹಾಕಿಲ್ಲಲ್ಲಾ?”

“ಶಿವಶಿವಾ! ಹೆಂಡ್ತಿ ಆದಾಕಿ ಗಂಡನ ಹೆಸರು ಬರೀತಾಳೇನ್ರಿ? ಫೋಟೋ ಅಷ್ಟ ಹಾಕೇನಿ.”

ಅಷ್ಟರಲ್ಲಿ ಅವರ ಸರದಿ ಬಂತು. ಇಬ್ಬರೂ ಎದ್ದು ಹೋದರು. ಮಿಸ್ತ್ರಿ ತಲೆಯೆತ್ತಿ ಗಂಡನ ಮುಖ ನೋಡಿದವನೇ ಎದ್ದು ನಿಂತು ಕೈಮುಗಿದ.

“ಬರ್ರಿ ಸಾಹೇಬ್ರ, ಬರ್ರಿ! ಈ ಸಲ ಏನ್ ರಿಪೇರಿ ಮಾಡೀರಿ?”